ಎಮಿಲಿ ಯಾರು ಅಂತ ಕೇಳಿ ನಗೆಪಾಟಲಾದೆ

ಹೋದ ತಿಂಗಳು ಮೇರಿಲ್ಯಾಂಡಿನ ನಮ್ಮ ಬೀದಿಯಲ್ಲಿ ಪಕ್ಕದ ಮನೆಯಾಕೆ ಟೀಗೆ ಕರೆದಳು. ಹದಿನೈದು ಹೆಂಗಸರು, ಒಂದು ಕೇಕು, ಮೇಜಿನ ಮೇಲೆ ಬೆತ್ತದ ಬುಟ್ಟಿ. ಚುನಾವಣೆಗೆ ನಿಂತ ಹೆಣ್ಣುಮಗಳೊಬ್ಬಳಿಗೆ ದುಡ್ಡು ಸೇರಿಸುತ್ತಿದ್ದರು. ಮಾತು ಮಾತಿಗೂ 'ಎಮಿಲೀಸ್ ಲಿಸ್ಟ್' ಅಂತ ಬರುತ್ತಿತ್ತು. "ಎಮಿಲಿ ಯಾರು, ಬಂದಿದ್ದಾರಾ?" ಅಂತ ಕೇಳಿಬಿಟ್ಟೆ. ಎಲ್ಲರೂ ನಕ್ಕರು.

ಎಮಿಲಿ ಅನ್ನುವ ಹೆಂಗಸೇ ಇಲ್ಲವಂತೆ. ಚುನಾವಣೆಗೆ ನಿಂತ ಹೆಂಗಸರಿಗೆ ದುಡ್ಡು ಸೇರಿಸುವ ಸಂಸ್ಥೆಯಂತೆ ಅದು. ಮೊದಲು ಬರುವ ದುಡ್ಡು ಯೀಸ್ಟ್ ಇದ್ದ ಹಾಗೆ ಅನ್ನುವ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಸೇರಿ ಆದ ಹೆಸರು. ನಮ್ಮಲ್ಲಾದರೆ ಹೆಪ್ಪು ಅನ್ನಬಹುದು. 1985ರಲ್ಲಿ ಎಲೆನ್ ಮಾಲ್ಕಮ್ ಅನ್ನುವವರು ವಾಷಿಂಗ್ಟನ್ನಿನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಇಪ್ಪತ್ತೈದು ಗೆಳತಿಯರನ್ನು ಸೇರಿಸಿದರು. ಎಲ್ಲರ ಕೈಯಲ್ಲೂ ಗುರುತಿನವರ ವಿಳಾಸಗಳು. ಕೂತು ದುಡ್ಡು ಕೇಳಿ ಅವರಿಗೆಲ್ಲ ಕಾಗದ ಬರೆದರು. ಮರುವರ್ಷವೇ ಇದೇ ಮೇರಿಲ್ಯಾಂಡಿನ ಬಾರ್ಬರಾ ಮಿಕುಲ್ಸ್ಕಿ ಸೆನೆಟ್ಟಿಗೆ ಗೆದ್ದರು. ಗಂಡನ ಜಾಗಕ್ಕೆ ಬಂದವರಲ್ಲ, ಡೆಮಾಕ್ರಟಿಕ್ ಪಕ್ಷದಿಂದ ಸ್ವಂತವಾಗಿ ಗೆದ್ದ ಮೊದಲ ಹೆಂಗಸು.

ಬುಟ್ಟಿ ನನ್ನ ಹತ್ತಿರ ಬಂತು. ಪರ್ಸ್ ತೆಗೆದೆ. "ಗ್ರೀನ್ ಕಾರ್ಡ್ ಇದೆಯಾ?" ಅಂದಳು ಪಕ್ಕದ ಮನೆಯಾಕೆ. ಇಲ್ಲ. ಹನ್ನೊಂದು ವರ್ಷದಿಂದ ಸಾಲಿನಲ್ಲಿ ನಿಂತಿದ್ದೇನೆ. ವೀಸಾದ ಮೇಲಿರುವವರು ಇಲ್ಲಿನ ಚುನಾವಣೆಗೆ ಒಂದು ಡಾಲರೂ ಕೊಡುವ ಹಾಗಿಲ್ಲ. "ಪರವಾಗಿಲ್ಲ, ಕೇಕ್ ತಿನ್ನು" ಅಂದಳು. ತಿಂದೆ. ಗಂಟಲಲ್ಲಿ ಇಳಿಯಲಿಲ್ಲ.

ಮನೆಗೆ ಬಂದ ಮೇಲೆ ಮಲ್ಲೇಶ್ವರದ ಚಿಕ್ಕಮ್ಮನ ಚೀಟಿ ನೆನಪಾಯಿತು. ಇಪ್ಪತ್ತು ಜನ, ತಿಂಗಳಿಗೆ ಐದೈದು ಸಾವಿರ. ರಬ್ಬರ್ ಬ್ಯಾಂಡ್ ಸುತ್ತಿದ ನೋಟ್‌ಬುಕ್ಕು, ಒಳಗೆ ಮುತ್ತಿನಂಥ ಅಕ್ಷರ. ಕೊಡದವರ ಹೆಸರಿನ ಮುಂದೆ ಕೆಂಪು ಚುಕ್ಕೆ. ಚುಕ್ಕೆ ಬಿದ್ದವಳು ಮುಂದಿನ ಅರಿಶಿನ ಕುಂಕುಮಕ್ಕೆ ತಲೆ ತಗ್ಗಿಸಿಕೊಂಡು ಬರಬೇಕು! ಆ ದುಡ್ಡಲ್ಲಿ ಓಲೆ ಬಂದಿದೆ, ಮಗನ ಫೀಸು ಕಟ್ಟಿದೆ, ಬೀದಿ ಗಣೇಶನ ಪೆಂಡಾಲೂ ಎದ್ದಿದೆ. ಚುನಾವಣೆಗೆ ನಿಂತ ಹೆಂಗಸಿಗೆ ಮಾತ್ರ ಒಂದು ರೂಪಾಯಿ ಹೋಗಿಲ್ಲ. ವಿಧಾನಸಭೆಗೆ ಠೇವಣಿ 10,000. ಅಂದರೆ ಇಬ್ಬರ ಒಂದು ತಿಂಗಳ ಚೀಟಿ, ಅಷ್ಟೇ. ಖರ್ಚಿನ ಮಿತಿ 40 ಲಕ್ಷ ಅನ್ನುತ್ತಾರೆ, ಪೇಪರಿನ ಮೇಲೆ. ಅದಕ್ಕೇ ಟಿಕೆಟ್ ಕೇಳಿದ ಹೆಂಗಸಿಗೆ ಮೊದಲ ಪ್ರಶ್ನೆ: "ಯಜಮಾನ್ರು ಏನ್ ಮಾಡ್ಕೊಂಡಿದ್ದಾರೆ?" 2023ರಲ್ಲಿ 224 ಸೀಟಿಗೆ ಹತ್ತು ಹೆಂಗಸರು ಗೆದ್ದರು. ಚೀಟಿ ನಡೆಸೋಕೆ ಬರುವವರಿಗೆ ರಾಜ್ಯ ನಡೆಸೋಕೆ ಬರಲ್ವಾ?

ಹಾಗಂತ ಇಲ್ಲಿನವರನ್ನು ಅಟ್ಟಕ್ಕೇರಿಸುವುದೂ ಬೇಡ, ಬಿಡಿ. ಎಮಿಲಿಯ ದುಡ್ಡು ಎಲ್ಲ ಹೆಂಗಸರಿಗೂ ಅಲ್ಲ; ಡೆಮಾಕ್ರಟಿಕ್ ಪಕ್ಷದವಳಾಗಿರಬೇಕು, ಗರ್ಭಪಾತದ ಹಕ್ಕಿನ ಪರವಾಗಿರಬೇಕು. ಇಷ್ಟು ಬುಟ್ಟಿ ತಿರುಗಿಸಿದರೂ ಈ ದೇಶಕ್ಕೆ ಹೆಣ್ಣು ಅಧ್ಯಕ್ಷೆ ಬಂದಿಲ್ಲ. ನಮ್ಮಲ್ಲಿ 1966ರಲ್ಲೇ ಪ್ರಧಾನಿ; ಸೋತು ಕೂತಿದ್ದ ಅದೇ ಇಂದಿರಾ ಅವರನ್ನು 1978ರಲ್ಲಿ ಲೋಕಸಭೆಗೆ ವಾಪಸ್ ಕಳಿಸಿದ್ದು ನಮ್ಮ ಚಿಕ್ಕಮಗಳೂರು. ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂದರೆ ಪಕ್ಕದ ಮನೆಯಾಕೆ ನಂಬುವುದೇ ಇಲ್ಲ.

ಭಾನುವಾರ ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿದೆ, ಒಂದು ತಿಂಗಳ ಚೀಟಿ ಯಾರಾದರೂ ಹೆಣ್ಣುಮಗಳ ಚುನಾವಣೆಗೆ ಕೊಡ್ತೀರಾ ಅಂತ.

"ಕಾರ್ಪೊರೇಟರ್‌ಗಳು 2020ರಲ್ಲಿ ಮನೆಗೆ ಹೋದ್ಮೇಲೆ ವರ್ಷಗಟ್ಟಲೆ ಎಲೆಕ್ಷನ್ನೇ ಮಾಡ್ಲಿಲ್ವಲ್ಲೇ, ಯಾರಿಗೆ ಕೊಡೋದು?" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, "ಹೂವಿನವಳ ಸೊಸೆ ನಿಂತ್ರೆ ಕೊಡಬಹುದು. ಮೊನ್ನೆ ಟ್ಯಾಂಕರ್‌ನವನನ್ನ ಏನು ತರಾಟೆಗೆ ತಗೊಂಡ್ಳು ಗೊತ್ತಾ? ಅದಿರ್ಲಿ, ನೀನೆಷ್ಟು ಹಾಕ್ತೀಯ?"

ನನ್ನ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಗ್ರೀನ್ ಕಾರ್ಡಿನ ನೆಪ ಮಲ್ಲೇಶ್ವರದಲ್ಲಿ ನಡೆಯುವುದಿಲ್ಲ.