ತೂಕದ ಮಿಷನ್ ಪಕ್ಕ ಒಂದು ಟೇಪೂ ಇರಲಿ

"ನನ್ನ ಬಿಎಂಐ ನಾರ್ಮಲ್ ಇದೆ, ನನಗೆಲ್ಲಿಂದ ಶುಗರ್ ಬರುತ್ತೆ?" ನಮ್ಮ ಮನೆಗಳಲ್ಲಿ ಈ ಮಾತು ತುಂಬಾ ಕೇಳಿಬರುತ್ತದೆ. ಹೇಳುವವರ ಕೈಕಾಲು ಸಣ್ಣಗಿರುತ್ತವೆ, ಶರ್ಟಿನ ಕೆಳಗಿನ ಎರಡು ಗುಂಡಿ ಮಾತ್ರ ಬಿಗಿಯಾಗಿರುತ್ತವೆ. ಇಂಥವರನ್ನು ನೋಡಿದಾಗ ನನಗೆ ನಿಜಕ್ಕೂ ಭಯ ಆಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬಿಎಂಐ (ಬಾಡಿ ಮಾಸ್ ಇಂಡೆಕ್ಸ್) ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಂಕಿ. ಲೆಕ್ಕ ಸುಲಭ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಆಯಿತು. ಇದರ ಬೇರು ಇರುವುದು 1830ರ ದಶಕದಲ್ಲಿ. ಲೆಕ್ಕ ಕಟ್ಟಿದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಡಾಕ್ಟರ್ ಅಲ್ಲ, ಖಗೋಳ ಮತ್ತು ಅಂಕಿಅಂಶ ಓದಿಕೊಂಡವರು. 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅನ್ನೋದು ಅವರ ಹುಡುಕಾಟವಾಗಿತ್ತು. ಬಿಎಂಐ ಅನ್ನೋ ಹೆಸರನ್ನು ಅಮೆರಿಕದ ಆನ್ಸೆಲ್ ಕೀಸ್ ಮತ್ತು ಜೊತೆಗಾರರು 1972ರಲ್ಲಿ ಕೊಟ್ಟರು. ಅಂದರೆ ಸಾವಿರಾರು ಜನರನ್ನು ಒಟ್ಟಿಗೆ ನೋಡುವಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಮೈಯಲ್ಲಿ ಎಷ್ಟು ಸ್ನಾಯು, ಎಷ್ಟು ಕೊಬ್ಬು, ಆ ಕೊಬ್ಬು ಎಲ್ಲಿ ಕೂತಿದೆ ಅಂತ ಕೇಳಿದರೆ ಇದರ ಹತ್ತಿರ ಉತ್ತರ ಇಲ್ಲ.

ನಮ್ಮವರಿಗೆ ಮುಖ್ಯವಾದದ್ದು ಈ ಕೊನೆಯ ಪ್ರಶ್ನೆಯೇ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಒಟ್ಟಿಗೆ ನಿಂತಿರುವ ಒಂದು ಫೋಟೋ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಬ್ಬರದೂ ಬಿಎಂಐ 22.3. ಆದರೆ ಯುಡ್ಕಿನ್ ಮೈಯಲ್ಲಿದ್ದ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2! ತಾವೇ ಉದಾಹರಣೆಯಾಗಿ ನಿಂತ ಆ ವೈದ್ಯರ ಮೇಲೆ ನನಗೆ ತುಂಬಾ ಗೌರವ. ಅಷ್ಟೇ ಬಿಎಂಐ ಇರುವ ಯುರೋಪಿನವರಿಗಿಂತ ನಮ್ಮಲ್ಲಿ ಸಾಮಾನ್ಯವಾಗಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಅದೂ ಹೊಟ್ಟೆಯೊಳಗೆ, ಲಿವರ್ ಸುತ್ತಮುತ್ತ ಸೇರಿಕೊಳ್ಳುತ್ತದೆ. ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುವುದು ಹೆಚ್ಚಾಗಿ ಆ ಕೊಬ್ಬೇ.

ಅದಕ್ಕೇ ಭಾರತದ ತಜ್ಞರು 2009ರಲ್ಲಿ ನಮಗೆ ಬೇರೆ ಗೆರೆ ಎಳೆದರು: 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಆದರೂ ಎಷ್ಟೋ ಕಡೆ ಇವತ್ತಿಗೂ ಗೋಡೆಯ ಮೇಲಿರುವುದು 25 ಮತ್ತು 30ರ ಹಳೇ ಚಾರ್ಟು. 165 ಸೆಂ.ಮೀ. ಎತ್ತರ, 66 ಕೆಜಿ ತೂಕದವರ ಬಿಎಂಐ 24.2. ಆ ಚಾರ್ಟಿನಲ್ಲಿ ಅವರು ನಾರ್ಮಲ್. ನಮ್ಮ ಗೆರೆಯಲ್ಲಿ ಅಲ್ಲ.

ಗೆರೆ ಸರಿಮಾಡಿದರೂ ಕೆಲವರು ತಪ್ಪಿಸಿಕೊಳ್ಳುತ್ತಾರೆ. ನಮ್ಮ ಚಿಕ್ಕಪ್ಪನ ಎತ್ತರವೂ ಅಷ್ಟೇ, ತೂಕ 62 ಕೆಜಿ. ಬಿಎಂಐ 22.8. ಆರೋಗ್ಯ ಶಿಬಿರದಲ್ಲಿ ಚೀಟಿ ಮೇಲೆ 'ನಾರ್ಮಲ್' ಅಂತ ಬರೆದು ಕಳಿಸಿದ್ದರು. ಸೊಂಟಕ್ಕೆ ಯಾರೂ ಟೇಪು ಹಿಡಿಯಲಿಲ್ಲ. ಹಿಡಿದಿದ್ದರೆ 96 ಸೆಂ.ಮೀ. ಬರುತ್ತಿತ್ತು. ಕಾಲಿನ ಗಾಯ ವಾರಗಟ್ಟಲೆ ಮಾಯದೆ ಹೋದಾಗ ರಕ್ತ ಪರೀಕ್ಷೆ ಮಾಡಿಸಿದ್ದು, ಶುಗರ್ ಇರೋದು ಗೊತ್ತಾಗಿದ್ದು ಆಗಲೇ. ನನಗೆ ಸಿಟ್ಟಿರುವುದು ಬಿಎಂಐ ಮೇಲೆ ಅಲ್ಲ, ಅದೊಂದನ್ನೇ ನೋಡಿ ಜನರನ್ನು ಮನೆಗೆ ಕಳಿಸುವ ಅವಸರದ ಮೇಲೆ.

ಸೊಂಟದ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಇಲ್ಲಿ ಒಂದು ಎಚ್ಚರಿಕೆ. "ನನ್ನ ಪ್ಯಾಂಟ್ ಸೈಜ್ 34, ಅಂದ್ರೆ 86 ಸೆಂ.ಮೀ. ತಾನೇ" ಅಂತ ಲೆಕ್ಕ ಹಾಕಬೇಡಿ. ಹೊಟ್ಟೆ ಬಂದ ಮೇಲೆ ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿರುತ್ತದೆ, ಸೈಜ್ ಮಾತ್ರ ಹಳೇದೇ. ಕೊನೆಯ ಪಕ್ಕೆಲುಬು ಕೈಗೆ ಸಿಗುವ ಜಾಗ ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುವೆ ಅಳೆಯಬೇಕು. ಬಟ್ಟೆಯ ಮೇಲಲ್ಲ, ಮೈಮೇಲೆ. ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಸುಮ್ನೆ ಉಸಿರು ಬಿಟ್ಟಾಗ. ಟೇಪಿಲ್ಲವಾ? ನಿಮ್ಮ ಎತ್ತರದಷ್ಟು ದಾರ ತೆಗೆದುಕೊಂಡು ಅರ್ಧಕ್ಕೆ ಮಡಚಿ ಸೊಂಟಕ್ಕೆ ಸುತ್ತಿ. ತುದಿ ಕೂಡದಿದ್ದರೆ ಡಾಕ್ಟರ್ ಹತ್ತಿರ ಮಾತಾಡಿ.

ಬಿಎಂಐ ಬಿಸಾಕಿ ಅಂತ ನಾನು ಹೇಳುತ್ತಿಲ್ಲ. 18.5ಕ್ಕಿಂತ ಕೆಳಗಿರುವ, ಹೊಟ್ಟೆಗೆ ಸಾಲದ ಹೆಂಗಸರನ್ನು ಬೇಗ ಗುರುತಿಸಲು ಇಷ್ಟು ಅಗ್ಗದ ದಾರಿ ಬೇರೆ ಕಷ್ಟ. ಕುಸ್ತಿ, ಕಬಡ್ಡಿ ಆಡುವವರಲ್ಲಿ ಅದು ಸ್ನಾಯುವನ್ನೂ ಬೊಜ್ಜಿನ ಲೆಕ್ಕಕ್ಕೆ ಸೇರಿಸುತ್ತದೆ. ಗರ್ಭಿಣಿಯರಿಗೆ, ಮೈ ಊದಿಕೊಂಡವರಿಗೆ ಸರಿಹೊಂದುವುದಿಲ್ಲ.

ವಯಸ್ಸಾದವರ ವಿಷಯ ಇನ್ನೂ ಬೇರೆ. ಅರವತ್ತು ದಾಟಿದ ಅಮ್ಮನ ತೂಕ ಹತ್ತು ವರ್ಷದಿಂದ ಹಾಗೇ ಇದೆ ಅಂತ ನಾವು ಖುಷಿಪಡುತ್ತೇವೆ. ಒಳಗೆ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬಂದಿರಬಹುದು, ತಕ್ಕಡಿ ಅದನ್ನು ಹೇಳುವುದಿಲ್ಲ. ಕುರ್ಚಿಯಿಂದ ಏಳುವಾಗ ಕೈ ಊರುತ್ತಾರಾ, ನೀರಿನ ಬಿಂದಿಗೆ ಎತ್ತಲು ಕಷ್ಟವಾಗುತ್ತಿದೆಯಾ, ತಟ್ಟೆಯಲ್ಲಿ ಅನ್ನದ ಜೊತೆ ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಸಾಕಷ್ಟಿದೆಯಾ ನೋಡಿ. ಇನ್ನು ಪ್ರಯತ್ನವೇ ಪಡದೆ ತೂಕ ಇಳಿಯುತ್ತಿದ್ದರೆ "ಪರವಾಗಿಲ್ಲ, ಸಣ್ಣ ಆಗಿದ್ದೀರಾ" ಅಂತ ಹೊಗಳಬೇಡಿ, ಡಾಕ್ಟರಿಗೆ ತೋರಿಸಿ.

ಶಿಬಿರ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ. ಮುಂದಿನ ಸಲ ಚೀಟಿಯಲ್ಲಿ ತೂಕ, ಎತ್ತರದ ಕೆಳಗೆ ಸೊಂಟದ ಸುತ್ತಳತೆಗೂ ಒಂದು ಗೆರೆ ಬಿಡಿ. ಹೆಂಗಸರಿಗೆ ಅಳೆಯಲು ಒಂದು ಪರದೆ ಕಟ್ಟಿ, ಅಳೆಯುವವರೂ ಹೆಂಗಸರೇ ಇರಲಿ.