ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಿಟ್ಟು ಬಂದವನ ಪಾಡು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತಿತಲ್ವಾ? ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, 4 ಜಿಬಿ ರ‍್ಯಾಮ್. ವಿಂಡೋಸ್ 11 ಇದನ್ನು ಹತ್ತಿರ ಸೇರಿಸುವುದಿಲ್ಲ. ಕೀಬೋರ್ಡ್ ಗಟ್ಟಿಮುಟ್ಟಾಗಿದೆ, ಸುಮ್ನೆ ಯಾಕೆ ಗುಜರಿಗೆ ಹಾಕುವುದು ಅಂತ ಒಂದು ಭಾನುವಾರ ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಊಟ ಮುಗಿಸಿ ಕೂತು, ಸಂಜೆ ಚಹಾದ ಹೊತ್ತಿಗೆ ವಿಂಡೋಸ್ ಬದಲು ಕುಬುಂಟು ಅನ್ನುವ ಲಿನಕ್ಸ್ ಹಾಕಿ ಮುಗಿಸಿದೆ.

ಅದು ಸುಲಭದ ಭಾಗ. ಕೋಡ್ ಬರೆಯಲು, ತಿದ್ದಲು ಒಂದು ಎಡಿಟರ್ ಹುಡುಕಲು ಮೂರು ವಾರ ಬೇಕಾಯಿತು.

ಇಷ್ಟು ವರ್ಷ ನಾನು ಬಳಸಿದ್ದು ನೋಟ್‌ಪ್ಯಾಡ್ ಪ್ಲಸ್ ಪ್ಲಸ್. 2003ರಿಂದ ಇರುವ ಸಾಫ್ಟ್‌ವೇರ್, ಆದರೆ ವಿಂಡೋಸ್‌ಗೆ ಮಾತ್ರ. ವಿಂಡೋಸ್ ಸಾಫ್ಟ್‌ವೇರ್ ಓಡಿಸಲೆಂದೇ ಇರುವ ವೈನ್ ಹಾಕಿ ಲಿನಕ್ಸ್‌ನಲ್ಲಿ ಓಡಿಸಬಹುದು, ಓಡಿಸಿಯೂ ನೋಡಿದೆ. ಫೈಲ್ ತೆರೆಯಲು ಹೋದರೆ ಅಲ್ಲೂ ಸಿ ಡ್ರೈವ್ ಕಾಣಿಸಿತು. ಮನೆ ಖಾಲಿ ಮಾಡಿ ಬಂದಮೇಲೂ ಹಳೇ ಬೀಗದ ಕೈ ಸೊಂಟದಲ್ಲಿ ಇಟ್ಟುಕೊಂಡಂತೆ ಅನ್ನಿಸಿ ತೆಗೆದುಬಿಟ್ಟೆ.

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಮಾಮ, ವಿಎಸ್ ಕೋಡ್ ಹಾಕ್ಕೊಳ್ಳಿ, ಮುಗೀತು" ಅಂದ. ಅವನಿಗೆ ಆಫೀಸು ಕೊಟ್ಟಿರುವುದು 32 ಜಿಬಿ ಯಂತ್ರ. ಮೈಕ್ರೋಸಾಫ್ಟ್‌ನ ಈ ಎಡಿಟರ್ ನಿಜಕ್ಕೂ ಒಳ್ಳೆಯದೇ. ಆದರೆ ಅದರ ಹೊಟ್ಟೆಯೊಳಗೆ ಒಂದು ಬ್ರೌಸರ್ ಇದೆ. ನನ್ನ 4 ಜಿಬಿಯಲ್ಲಿ ಅದು ಮತ್ತು ಫೈರ್‌ಫಾಕ್ಸ್ ಒಟ್ಟಿಗೆ ತೆರೆದರೆ ಬೆಳಿಗ್ಗೆ ಎಂಟೂವರೆಯ ಡೊಂಬಿವಲಿ ಪ್ಲಾಟ್‌ಫಾರಂ. ಇನ್ನೊಂದು ಹಳೇ ಗಾಯವೂ ಇದೆ. ನನಗೆ ಇಷ್ಟವಾಗಿದ್ದ ಆಟಮ್ ಎಡಿಟರ್, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನದು. 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ಬನ್ನು ಕೊಂಡಿತು. 2022ರ ಡಿಸೆಂಬರ್ 15ಕ್ಕೆ ಆಟಮ್ ಕಥೆ ಮುಗಿಯಿತು.

ಎಡಿಟರ್ ಬಗ್ಗೆ ಬರೆಯುವವರೆಲ್ಲ ವೇಗ, ಪ್ಲಗಿನ್, ಬಣ್ಣ ಅಂತಾರೆ. ಕನ್ನಡ ಸರಿಯಾಗಿ ಕಾಣುತ್ತಾ ಅಂತ ಯಾರೂ ಕೇಳುವುದಿಲ್ಲ. ನನಗೆ ಮೊದಲು ಬೇಕಾಗಿದ್ದೇ ಅದು. ನಮ್ಮ ಕನ್ನಡ ಸಂಘದ ವೆಬ್‌ಸೈಟ್ ನೋಡಿಕೊಳ್ಳುವವನು ನಾನು. ಒಂದೇ ಸಾಲಿನಲ್ಲಿ ಕೋಡೂ ಇರುತ್ತದೆ, ರಾಜ್ಯೋತ್ಸವದ ಆಹ್ವಾನವೂ ಇರುತ್ತದೆ. ಹಾಗಾಗಿ "ಜ್ಯೋತ್ಸ್ನಾ, ಕರ್ತೃ, ಅರ್ಕಾವತಿ" ಅಂತ ಬರೆದ ಒಂದು ಫೈಲ್ ಮಾಡಿಕೊಂಡೆ. ಯಾವ ಎಡಿಟರ್ ಬಂದರೂ ಮೊದಲು ಇದಕ್ಕೆ ಉತ್ತರ ಕೊಡಬೇಕು.

ಸರ್ವರ್‌ಗೆ ಹೋದಾಗ ವಿಮ್ ಅನ್ನುವ ಎಡಿಟರ್ ಬಳಸುತ್ತೇನೆ, ಅಲ್ಲಿ ಬೇರೆ ದಾರಿಯಿಲ್ಲ. ಅದೇ ಅಭ್ಯಾಸ ಆಗಲಿ ಅಂತ ಮನೆಯಲ್ಲೂ ಅದನ್ನೇ ತೆರೆದೆ. ಅದು ಓಡುವುದು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ. ನನ್ನ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಕರ್ಸರ್ ಎಲ್ಲೋ, ಅಕ್ಷರ ಎಲ್ಲೋ. ವಿಮ್ ಭಕ್ತರು ಬೈದರೂ ಪರವಾಗಿಲ್ಲ, ಸೇರಿಸುವುದು, ಅಳಿಸುವುದು, ಹುಡುಕುವುದು, ಉಳಿಸಿ ಹೊರಬರುವುದು ಗೊತ್ತಿದ್ದರೆ ನನಗೆ ಸಾಕು.

ಕೊನೆಗೆ ಕಣ್ಣಿಗೆ ಬಿದ್ದದ್ದು ಕೇಟ್ ಅನ್ನುವ ಎಡಿಟರ್. ಕುಬುಂಟು ಜೊತೆಗೇ ಬಂದಿತ್ತು, ನಾನೇ ತೆರೆದು ನೋಡಿರಲಿಲ್ಲ! ಕನ್ನಡ ಪರೀಕ್ಷೆಯಲ್ಲಿ ಪಾಸು. ಕಂಟ್ರೋಲ್ ಶಿಫ್ಟ್ ಬಿ ಒತ್ತಿದರೆ ಕಾಲಂ ಆಯ್ಕೆಯೂ, ಅಂದರೆ ಹಲವು ಸಾಲುಗಳಲ್ಲಿ ಒಂದೇ ನೇರಕ್ಕಿರುವ ಭಾಗವನ್ನು ಒಟ್ಟಿಗೆ ಆರಿಸುವುದೂ ಆಗುತ್ತದೆ. ನನ್ನ ಮರ್ಯಾದೆ ಉಳಿಸಿದ್ದೂ ಅದೇ. ವಿಂಡೋಸ್‌ನಿಂದ ತಂದ ಬ್ಯಾಕಪ್ ಸ್ಕ್ರಿಪ್ಟ್ ಓಡದೆ ಒಂದು ರಾತ್ರಿಯಿಡೀ ತಲೆ ಕೆರೆದುಕೊಂಡಿದ್ದೆ. ಪ್ರತಿ ಸಾಲಿನ ಕೊನೆಗೆ ವಿಂಡೋಸ್ ಹೆಚ್ಚಿಗೆ ಸೇರಿಸುವ, ಕಣ್ಣಿಗೆ ಕಾಣದ ಒಂದು ಗುರುತನ್ನು ಲಿನಕ್ಸ್ ಕಮಾಂಡಿನ ಭಾಗ ಅಂದುಕೊಂಡಿತ್ತು. ಕೇಟ್‌ನ ಟೂಲ್ಸ್ ಮೆನುವಿನಲ್ಲಿ ಸಾಲಿನ ಕೊನೆಯನ್ನು ಯುನಿಕ್ಸ್ ಅಂತ ಬದಲಾಯಿಸಿ ಉಳಿಸಿದೆ. ಓಡಿತು.

ಒಂದೇ ಕಿರಿಕಿರಿ. ಸಾಲು ನಕಲು ಮಾಡಲು ಬೆರಳು ಈಗಲೂ ಕಂಟ್ರೋಲ್ ಡಿ ಒತ್ತುತ್ತದೆ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಕಾಲದ ಹಾಗೆ. ಕೇಟ್‌ನಲ್ಲಿ ಅದು ನಡೆಯಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸಬಹುದು, ಎರಡು ನಿಮಿಷದ ಕೆಲಸ. ಇನ್ನೂ ಬದಲಾಯಿಸಿಲ್ಲ. ದಿನಾ ನಾಲ್ಕು ಸಲ ಒತ್ತುತ್ತೇನೆ, ದಿನಾ ನಾಲ್ಕು ಸಲ ಬೈದುಕೊಳ್ಳುತ್ತೇನೆ.