ಅಜ್ಜನ ಪುಸ್ತಕ, ಗಾರೆಯವರ ಬಟವಾಡೆ

ಪ್ರಶ್ನೆ: ರಕ್ಷಣೆಗೆ, ಅಂದರೆ ಪಾಪದಿಂದ ಬಿಡುಗಡೆ ಹೊಂದಿ ಸ್ವರ್ಗ ಸೇರುವುದಕ್ಕೆ, ಕ್ರಿಸ್ತನನ್ನು ನಂಬಿದರೆ ಸಾಕೇ, ನಮ್ಮ ಸಾಧನೆಗೆ ಅದರಲ್ಲಿ ಪಾಲಿಲ್ಲವೇ?

ಪರ

ನಮ್ಮಜ್ಜ ಶಾಲಾ ಮಾಸ್ಟ್ರು. ದಶಮಾಂಶದ ಲೆಕ್ಕಕ್ಕೆಂದೇ ಕೆಂಪು ರಟ್ಟಿನ ಒಂದು ಪುಸ್ತಕ ಇಟ್ಟಿದ್ದರು. ಸಂಬಳದ ಹತ್ತರಲ್ಲೊಂದು ಪಾಲು ಚರ್ಚಿಗೆ, ಬೆಳೆ ಹಬ್ಬದ ಕಾಣಿಕೆ, ಪಕ್ಕದ ಮನೆ ಹುಡುಗನ ಫೀಸು, ಎಲ್ಲವೂ ನೀಲಿ ಶಾಯಿಯಲ್ಲಿ. ಹಾಸಿಗೆ ಹಿಡಿದ ಕಡೆಯ ವಾರ ಆ ಪುಸ್ತಕ ತರಿಸಿ ಎದೆಯ ಮೇಲಿಟ್ಟುಕೊಂಡು ಕೇಳಿದರು: "ಇದು ಸಾಕಾಗ್ತದಾ ಮಗಾ?"

ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ಒಟ್ಟು ಎಷ್ಟಾದರೆ ಸಾಕು ಎಂದು ಯಾವ ಪುಟದಲ್ಲೂ ಬರೆದಿರಲಿಲ್ಲ. ಪುಣ್ಯಕ್ರಿಯೆಯನ್ನು ನೆಚ್ಚಿಕೊಂಡವರ ಸಂಕಟವೇ ಇದು. 1505ರಲ್ಲಿ ಎರ್ಫರ್ಟಿನ ಮಠ ಸೇರಿದ, ಮುಂದೆ ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಉಪವಾಸ, ಜಾಗರಣೆ ಒಂದನ್ನೂ ಬಿಟ್ಟವನಲ್ಲ; ಗಂಟೆಗಟ್ಟಲೆ ಪಾಪನಿವೇದನೆ ಮಾಡಿದರೂ ಸಮಾಧಾನವಿಲ್ಲ. ರೋಮಿನ ಸಂತ ಪೇತ್ರರ ದೇವಾಲಯ ಕಟ್ಟಲು ಪಾಪದ ಶಿಕ್ಷೆ ಕಳೆಯುತ್ತದೆಂದು ದುಡ್ಡಿಗೆ ಕ್ಷಮಾಪತ್ರ ಮಾರುವವರ ಮೇಲೆ 1517ರಲ್ಲಿ ಅವನು 95 ವಾದಗಳನ್ನು ಮುಂದಿಟ್ಟದ್ದು ಸೋಮಾರಿಯ ಸಿಟ್ಟಿನಿಂದಲ್ಲ. ಮೈ ದಂಡಿಸಿ ನೋಡಿದವನ ಸಿಟ್ಟು ಅದು.

ಯೇಸುವಿನ ಪ್ರೇಷಿತ ಪೌಲನೂ ಅಷ್ಟೆ. ಬೆನ್ಯಾಮೀನನ ಕುಲ, ಎಂಟನೆಯ ದಿನಕ್ಕೆ ಸುನ್ನತಿ, ಯೆಹೂದ್ಯ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನ ಶಿಸ್ತು. ತನ್ನ ಹೆಗ್ಗಳಿಕೆಗಳನ್ನೆಲ್ಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಎಣಿಸಿ ಹೇಳಿ, ಕಡೆಗೆ ಅವನ್ನು ಕಸ ಎಂದುಬಿಟ್ಟ. ಯೇಸುವಿನ ಪಕ್ಕದಲ್ಲೇ ಶಿಲುಬೆಗೆ ಬಿಗಿದ ಕಳ್ಳನ ಬಳಿ ಕಸಕ್ಕೆ ಹಾಕಲೂ ಏನಿರಲಿಲ್ಲ. ದೀಕ್ಷಾಸ್ನಾನವಿಲ್ಲ, ಕದ್ದದ್ದನ್ನು ಹಿಂದಿರುಗಿಸಲು ಕೈಕಾಲು ಸ್ವಾಧೀನದಲ್ಲಿಲ್ಲ. ನನ್ನನ್ನು ನೆನಸಿಕೋ ಎಂದು ಯೇಸುವಿಗೆ ಹೇಳಿದ, ಅಷ್ಟೆ. "ಈ ಹೊತ್ತೇ" ನನ್ನ ಸಂಗಡ ಪರದೈಸಿನಲ್ಲಿರುವೆ ಎಂಬ ಉತ್ತರ ಬಂತು.

ಇದನ್ನು ಕೇಳಿದ ನನ್ನ ಶ್ರೀವೈಷ್ಣವ ಸಹೋದ್ಯೋಗಿ ನಕ್ಕು, "ಹಾಗಾದರೆ ನೀವು ನಮ್ಮ ತೆಂಗಲೆಯವರ ಹಾಗೆ, ಬೆಕ್ಕಿನ ಮರಿ ಪಕ್ಷ" ಎಂದರು. ತಾಯಿ ಕಚ್ಚಿಕೊಂಡು ಹೋಗುತ್ತಾಳೆ, ಮರಿ ಸುಮ್ಮನೆ ತೂಗುತ್ತಿರುತ್ತದೆ; ದೇವರ ಕೈಯಲ್ಲಿ ಭಕ್ತನೂ ಹಾಗೆ ಎಂಬುದು ಆ ಪಂಥದವರ ಮಾತು. ಹಾಗೆಂದು ನಮ್ಮ ಪ್ರೊಟೆಸ್ಟಂಟರು ಕೈಕಟ್ಟಿ ಕೂತವರಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಕೃಪೆಯಿಂದಲೇ ರಕ್ಷಣೆ ಎಂದು ಸಾರುತ್ತಲೇ ಅಚ್ಚುಕೂಟ, ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ಎಲ್ಲ ನಡೆಸಿದರು. ಸ್ವರ್ಗದ ಲೆಕ್ಕ ತೀರಿದೆ ಎಂದು ಗೊತ್ತಾದವರಿಗೆ ಈ ಲೋಕದ ಕೆಲಸಕ್ಕೆ ಕೈ ಬಿಡುವಾಗುತ್ತದೆ.

ಅಜ್ಜನ ಎದೆಯ ಮೇಲಿನ ಪುಸ್ತಕ ಎತ್ತಿ ಕಿಟಕಿಯಲ್ಲಿಟ್ಟು, ಕಳ್ಳನ ಭಾಗ ಓದಿದೆ. ಮುಗಿದ ಮೇಲೆ "ಇನ್ನೊಮ್ಮೆ ಓದು" ಎಂದರು.

ವಿರೋಧ

ಸಾಯುವವರ ಪಕ್ಕ ಕೂತಾಗ ನಾನೂ ಆ ಕಳ್ಳನ ಕತೆಯನ್ನೇ ಓದುತ್ತೇನೆ. ನನ್ನ ತಕರಾರು ಇನ್ನೂ ಮೂವತ್ತು ನಲವತ್ತು ವರ್ಷ ಬದುಕಬೇಕಾದವರದ್ದು.

ಕಥೋಲಿಕನಾದ್ದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದುಡಿದು ಸ್ವರ್ಗ ಕೊಳ್ಳಬಹುದೆಂದು ನಮ್ಮ ಧರ್ಮಸಭೆ ಹೇಳುವುದಿಲ್ಲ. ದೇವರ ಮುಂದೆ ನೀತಿವಂತರೆನಿಸುವ ಕೃಪೆಯನ್ನು ಯಾರೂ ಮುಂಚಿತವಾಗಿ ಗಳಿಸಲಾರರು ಎಂದು ನಮ್ಮ ಬಿಷಪರು ಸೇರಿದ ಟ್ರೆಂಟ್ ಮಹಾಸಭೆಯೇ 1547ರಲ್ಲಿ ಬರೆದಿಟ್ಟಿದೆ. ರಕ್ಷಣೆಗೆ ಕೃಪೆಯೇ ಆಧಾರ ಎಂದು ಲೂಥರನ ಪಂಥದ ಲೂಥರನ್ನರೂ ನಮ್ಮವರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಒಟ್ಟಿಗೆ ಸಹಿಯನ್ನೂ ಹಾಕಿದ್ದಾರೆ. ಜಗಳವೆಲ್ಲ "ಮಾತ್ರ" ಎಂಬ ಒಂದು ಪದದ್ದು. ಮನುಷ್ಯ ನಂಬಿಕೆಯಿಂದ ನೀತಿವಂತನಾಗುತ್ತಾನೆ ಎನ್ನುವ, ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 3:28ಕ್ಕೆ ಲೂಥರ್ ತನ್ನ 1522ರ ಜರ್ಮನ್ ಅನುವಾದದಲ್ಲಿ ಆ ಪದ ಸೇರಿಸಿದ. ಗ್ರೀಕ್ ಮೂಲದಲ್ಲಿ ಅದಿಲ್ಲ. ಹೊಸ ಒಡಂಬಡಿಕೆಯಲ್ಲಿ "ನಂಬಿಕೆ ಮಾತ್ರ" ಎಂಬ ಮಾತು ಸಿಗುವುದು ಯಾಕೋಬನ ಪತ್ರಿಕೆಯ 2:24ರಲ್ಲಿ. ಅಲ್ಲಿ ಹೇಳಿರುವುದು ಅದರಿಂದ ಆಗುವುದಿಲ್ಲ ಎಂದೇ. ಲೂಥರನಿಗೆ ಆ ಪತ್ರಿಕೆ ತಿರುಳಿಲ್ಲದ "ಹುಲ್ಲಿನ ಪತ್ರಿಕೆ" ಆದದ್ದು ಆಶ್ಚರ್ಯವೇನಲ್ಲ.

ನಮ್ಮ ಕಡೆ ಒಬ್ಬ ಕಟ್ಟಡ ಗುತ್ತಿಗೆದಾರ. ಪ್ರಾರ್ಥನಾ ಕೂಟದಲ್ಲಿ ಮೈಕ್ ಹಿಡಿದು ಸಾಕ್ಷಿ ಹೇಳುತ್ತಿದ್ದ: ಕರ್ತನು ನನ್ನ ಸಾಲವನ್ನೆಲ್ಲ ತೀರಿಸಿಬಿಟ್ಟ! ಜನ "ಹಲ್ಲೆಲೂಯ" ಅಂದರು. ಗೇಟಿನ ಹೊರಗೆ ಸಿಮೆಂಟು ಮೆತ್ತಿದ ಚಪ್ಪಲಿಯಲ್ಲಿ ಇಬ್ಬರು ಗಾರೆಯವರು ನಿಂತಿದ್ದರು. ಮೂರು ಶನಿವಾರದ ಬಟವಾಡೆ ಬಾಕಿ. ಹೊರಗೆ ಬಂದವನು ಅವರ ಹೆಗಲು ತಟ್ಟಿ, "ದೇವರು ಒದಗಿಸ್ತಾನೆ, ಬುಧವಾರ ಬನ್ನಿ" ಎಂದು ಕಾರು ಹತ್ತಿದ. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎಂದು ಬರೆದವನೂ ಅದೇ ಯಾಕೋಬ.

ತಪ್ಪು ಆ ಮನುಷ್ಯನದು, ಬೋಧನೆಯದಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ ಒಂದು ಮಾತು ಇಷ್ಟು ಸಲೀಸಾಗಿ ದುರುಪಯೋಗವಾಗುವುದಾದರೆ ಹೇಳುವ ಬಗೆಯನ್ನಾದರೂ ತಿದ್ದಿಕೊಳ್ಳಬೇಡವೇ? ಇದಕ್ಕೆ "ಅಗ್ಗದ ಕೃಪೆ" ಎಂದು 1937ರಲ್ಲೇ ಹೆಸರಿಟ್ಟವರು ನಮ್ಮವರಲ್ಲ, ಲೂಥರನ್ ಪಾಸ್ಟರ್ ಡೀಟ್ರಿಖ್ ಬಾನ್‌ಹಾಫರ್. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ಜೆರಿಕೋವಿನಲ್ಲಿ ಯೇಸುವನ್ನು ನೋಡಲು ಮರ ಹತ್ತಿದ್ದ, ಸುಂಕ ವಸೂಲಿಯ ಜಕ್ಕಾಯನನ್ನು ಯೇಸು ತಾನಾಗಿ ಕರೆಯದೆ ಅವನು ಮರದಿಂದ ಇಳಿಯುತ್ತಿರಲಿಲ್ಲ. ಕೃಪೆ ಮುಂದು, ನಿಜ. ಆದರೆ ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು ಎಂದು ಅವನು ಎದ್ದುನಿಂತು ಹೇಳಿದ ಮೇಲೆಯೇ ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂಬ ಮಾತು ಬಂದದ್ದು. ಕಳ್ಳನಿಗೆ ಸಿಕ್ಕ "ಈ ಹೊತ್ತೇ" ಇಲ್ಲಿಯೂ ಇದೆ, ಜೊತೆಗೆ ಹಣದ ಚೀಲವೂ ಬಿಚ್ಚಿದೆ. ಬೆಕ್ಕಿನ ಮರಿಯ ಮಾತು ಚೆಂದ. ದೊಡ್ಡದಾದ ಮೇಲೆ ಅದೂ ಇಲಿ ಹಿಡಿಯಬೇಕು.

ಗಾರೆಯವರಿಗೆ ಆ ಬುಧವಾರ ಅರ್ಧ ಬಟವಾಡೆ ಆಯಿತಂತೆ. ಉಳಿದದ್ದಕ್ಕೆ ಇನ್ನೊಂದು ಬುಧವಾರ ಹೇಳಿದ್ದಾನೆ.